"ಅಮ್ಮಾ, ಆ ಆಂಟಿ ಎಷ್ಟು ತೋರ!": ಮೈಗಾತ್ರದ ಬಗ್ಗೆ ಮಕ್ಕಳಿಗೆ ಹೇಳಿಕೊಡುವ ಬಗೆ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋಗುವ ಸಿಟಿ ಬಸ್ಸು, ಸಂಜೆಯ ರಶ್ಶು. ಅಮ್ಮನ ಮಡಿಲಲ್ಲಿ ಕೂತ ನಾಲ್ಕು ವರ್ಷದ ಮಗು ಎದುರು ಸೀಟಿನವರನ್ನು ನೋಡಿ ಹಿಂದಿನ ಬಾಗಿಲಲ್ಲಿ ನಿಂತ ಕಂಡಕ್ಟರಿಗೂ ಕೇಳುವ ಹಾಗೆ ಹೇಳುತ್ತದೆ: "ಅಮ್ಮಾ, ಆ ಆಂಟಿ ಎಷ್ಟು ತೋರ!" ಆಮೇಲೆ ಸಾಮಾನ್ಯವಾಗಿ ಆಗುವುದೆಂದರೆ ತೊಡೆಗೆ ಒಂದು ಚಿವುಟು, ಇಲ್ಲವೇ "ಶ್, ಬಾಯಿ ಮುಚ್ಚು". ಕೆಲವೊಮ್ಮೆ ದೊಡ್ಡವರೇ ಕಿಟಕಿ ಕಡೆ ತಿರುಗಿ ನಗುವುದೂ ಉಂಟು. ಯಾವುದಾದರೂ ಸರಿ, ಮಗುವಿಗೆ ತಲುಪುವ ಪಾಠ ಒಂದೇ: ತೋರ ಇರುವುದು ಬಾಯಿಬಿಟ್ಟು ಹೇಳಬಾರದಷ್ಟು ಕೆಟ್ಟ ಸಂಗತಿ.

ಆ ಮಗುವಿನ ಮಾತಿನಲ್ಲಿ ಕುಚೋದ್ಯ ಇರಲಿಲ್ಲ. ಮೂರು ನಾಲ್ಕು ವರ್ಷಕ್ಕೆ ಮಕ್ಕಳು ಗಾತ್ರ, ಬಣ್ಣ, ಉದ್ದ ಎಲ್ಲವನ್ನೂ ಕಂಡ ಹಾಗೆ ಹೇಳುತ್ತಾರೆ. ತೋರ ಇದ್ದವರು ಸೋಮಾರಿಗಳು, ಸಪೂರ ಇದ್ದರೆ ಚೆಂದ, ಗಿಡ್ಡ ಇದ್ದವನನ್ನು ನೋಡಿ ನಗಬಹುದು ಎಂಬ ಮಾರ್ಕು ಹಾಕುವ ಬುದ್ಧಿ ಅದರ ಹಿಂದೆಯೇ ಬರುತ್ತದೆ, ಮತ್ತು ಅದು ನಮ್ಮ ಮಾತಿನಿಂದ, ಟಿವಿಯಿಂದ, ಮೊಬೈಲಿನಿಂದ ಬರುತ್ತದೆ. ಕಾಣುವುದನ್ನು ತಡೆಯಲಿಕ್ಕೆ ಆಗುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ನಿಲ್ಲಿಸಬೇಕಾದ್ದು ಮಾರ್ಕು ಹಾಕುವುದನ್ನು. ಮುಂದೆ ಹೇಳುವುದೆಲ್ಲ ಅದನ್ನು ಮಾಡುವ ಬಗೆ.

ಎಲ್ಲರ ಎದುರು ಹೇಳಿಬಿಟ್ಟಾಗ

ಮೊದಲು ನಿಮ್ಮ ಮುಖ ಸಡಿಲ ಬಿಡಿ. ಮಗು ನಿಮ್ಮ ಮಾತಿಗಿಂತ ಮುಂಚೆ ಓದುವುದು ಮುಖವನ್ನು. ಮತ್ತೆ ಅದರ ಕಿವಿಯ ಹತ್ತಿರ ಬಗ್ಗಿ, ಮಾಮೂಲಿ ಸ್ವರದಲ್ಲಿ ಮೂರೇ ವಾಕ್ಯ: "ಹೌದು ಪುಟ್ಟ, ಒಬ್ಬೊಬ್ಬರು ಒಂದೊಂದು ಗಾತ್ರ ಇರ್ತಾರೆ. ಇನ್ನೊಬ್ಬರ ಮೈ ಬಗ್ಗೆ ಅವರ ಎದುರು ಮಾತಾಡುವುದು ಬೇಡ, ಅವರಿಗೆ ಬೇಜಾರಾಗ್ತದೆ. ಎಂತ ಕೇಳ್ಲಿಕ್ಕಿದ್ರೂ ಮನೆಗೆ ಹೋಗಿ ಕೇಳು, ಆಯ್ತಾ?" ಇದರಲ್ಲಿ ಸುಳ್ಳಿಲ್ಲ, ಬೈಗುಳ ಇಲ್ಲ, ಕೇಳುವ ದಾರಿಯೂ ಮುಚ್ಚಿಲ್ಲ.

ಆ ಹೆಂಗಸಿಗೆ ಕೇಳಿಸಿದ್ದರೆ ಅವರ ಕಡೆ ನೋಡಿ, "ಮಗು, ಬೇಜಾರು ಮಾಡ್ಕೊಳ್ಬೇಡಿ" ಎಂದು ನೀವೇ ಹೇಳಿ ಅಲ್ಲಿಗೆ ಬಿಡಿ. "ಆಂಟಿಗೆ ಸಾರಿ ಹೇಳು, ಹೇಳು ನೋಡುವ" ಎಂದು ಮಗುವನ್ನು ಮುಂದೆ ದೂಡಲೇಬೇಡಿ. ಮಗು ನಾಚಿ ಸೆರಗಿನ ಹಿಂದೆ ಅಡಗುತ್ತದೆ, ನೀವು ಒತ್ತಾಯಿಸುತ್ತೀರಿ, ಅಷ್ಟರಲ್ಲಿ ಇಡೀ ಬಸ್ಸು ತಿರುಗಿ ಆ ಹೆಂಗಸಿನ ಮೈಯನ್ನೇ ನೋಡಿಯಾಗಿರುತ್ತದೆ. ಮಗು ಒಂದು ಸಲ ನೋಯಿಸಿತು. ಬಲವಂತದ ಸಾರಿ ಎರಡನೇ ಸಲ ನೋಯಿಸುತ್ತದೆ.

ಉಳಿದ ಮಾತು ಅದೇ ಸಂಜೆ ಆಗಬೇಕು. ಐದು ವರ್ಷದ ಕೆಳಗಿನ ಮಗುವಿಗಾದರೆ ಬಸ್ಸಿಳಿದು ನಡೆಯುವಾಗಲೇ. ಮರುದಿನಕ್ಕೆ ಇಟ್ಟರೆ ಅದಕ್ಕೆ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದ್ದು ಬಿಟ್ಟು ಬೇರೆ ಎಂತದೂ ನೆನಪಿರುವುದಿಲ್ಲ. ಎರಡು ನಿಮಿಷ ಸಾಕು. ಮಗು "ಅವರು ಯಾಕೆ ಹಾಗಿದ್ದಾರೆ?" ಎಂದು ಕೇಳಿದರೆ "ತುಂಬಾ ತಿಂದು ಹಾಗಾದದ್ದು" ಎಂಬ ಉತ್ತರ ಬೇಡ. ಅದು ಪೂರ್ತಿ ಸತ್ಯ ಅಲ್ಲ, ಆದರೆ ಮಗುವಿನ ತಲೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಮೈ ಯಾಕೆ ಬೇರೆ ಬೇರೆ: ಎಂಟು ವರ್ಷದ ಮೇಲಿನವರಿಗೆ

ದೊಡ್ಡ ಮಕ್ಕಳಿಗೆ ಬುದ್ಧಿವಾದಕ್ಕಿಂತ ವಿಷಯ ಹೆಚ್ಚು ಕೆಲಸ ಮಾಡುತ್ತದೆ. ಐದರಿಂದ ಹತ್ತು ವರ್ಷದವರೆಗೆ ಮಗು ವರ್ಷಕ್ಕೆ ಸುಮಾರು 5–6 ಸೆಂ.ಮೀ. ಉದ್ದ ಆಗುತ್ತದೆ, 2–3 ಕೆ.ಜಿ. ತೂಕ ಏರುತ್ತದೆ. ಮತ್ತೆ ಪ್ರಾಯಕ್ಕೆ ಬರುವ ಲಕ್ಷಣ ಹುಡುಗಿಯರಲ್ಲಿ 8ರಿಂದ 13ರ ಒಳಗೆ ಯಾವಾಗ ಬೇಕಾದರೂ ಶುರುವಾಗಬಹುದು, ಹುಡುಗರಲ್ಲಿ 9ರಿಂದ 14ರ ಒಳಗೆ. ಹಾಗಾಗಿ ಏಳನೇ ಕ್ಲಾಸಿನ ಒಂದೇ ಬೆಂಚಿನಲ್ಲಿ ಕೂತ ಇಬ್ಬರ ಎತ್ತರಕ್ಕೆ ಮುಕ್ಕಾಲು ಅಡಿ ವ್ಯತ್ಯಾಸ ಇದ್ದರೂ ಇಬ್ಬರೂ ಸರಿಯಾಗಿಯೇ ಬೆಳೆಯುತ್ತಿರಬಹುದು. ಆರು, ಏಳನೇ ಕ್ಲಾಸಿನಲ್ಲಿ ಹುಡುಗಿಯರು ಹುಡುಗರಿಗಿಂತ ಉದ್ದ ಕಾಣುವುದು, ಒಂಬತ್ತಕ್ಕೆ ಬರುವಾಗ ಅದು ತಿರುಗುವುದು ಇದೇ ಕಾರಣಕ್ಕೆ. ಉದ್ದಕ್ಕೆ ಎಳೆಯುವ ಮೊದಲು ಸ್ವಲ್ಪ ಮೈ ತುಂಬುವುದೂ ಹಲವು ಮಕ್ಕಳಲ್ಲಿ ಉಂಟು.

ಕಾಯಿಲೆ, ಔಷಧಿಯ ವಿಷಯವೂ ಹೇಳಿ. ಮೂತ್ರಪಿಂಡದ ತೊಂದರೆಗೆ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಮಗುವಿನ ಮುಖ ಕೆಲವು ವಾರಗಳಲ್ಲಿ ದುಂಡಗಾಗುತ್ತದೆ, ಮಾತ್ರೆ ಕಡಿಮೆಯಾದ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಟೈಪ್ 1 ಸಕ್ಕರೆ ಕಾಯಿಲೆ ಶುರುವಾಗುವಾಗ ಮಗು ಚೆನ್ನಾಗಿ ಉಂಡರೂ ಸಪೂರ ಆಗುತ್ತಾ ಹೋಗುತ್ತದೆ. ಆದರೆ ಇಲ್ಲಿ ಒಂದು ಅಪಾಯ ಇದೆ. ಇದನ್ನೆಲ್ಲ ಕೇಳಿದ ಮಕ್ಕಳು "ಓ, ಅವಳಿಗೆ ಕಾಯಿಲೆ, ಪಾಪ, ಅವಳಿಗೆ ತಮಾಷೆ ಮಾಡಬಾರದು, ಇವನಿಗೆ ಕಾಯಿಲೆ ಇಲ್ಲ, ಇವನಿಗೆ ಮಾಡಬಹುದು" ಎಂದು ಲೆಕ್ಕ ಹಾಕುತ್ತಾರೆ. ಆದ್ದರಿಂದ ವಿವರಣೆಯ ಕೊನೆಗೆ ಇದನ್ನು ಸೇರಿಸಲೇಬೇಕು: ಕಾರಣ ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ ನಮ್ಮ ವರ್ತನೆ ಒಂದೇ. ಕಾರಣ ಕೇಳಿಕೊಂಡು ಹೋಗುವ ಹಕ್ಕೂ ನಮಗಿಲ್ಲ.

ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಮಾಡಿಸಬಹುದಾದ ಒಂದು ಚಟುವಟಿಕೆ: ಒಂದು ಬೆಂಚು ತೆಗೆದುಕೊಳ್ಳಿ, ನಾಲ್ಕು ಅಡಿಯದ್ದು ಇರಲಿ. ಆರೇಳು ಮಕ್ಕಳು ಒಬ್ಬೊಬ್ಬರಾಗಿ ಬಂದು ಅದನ್ನು ತಮ್ಮ ಗೇಣಿನಿಂದ ಅಳೆದು, ಬಂದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಡಚಿ ಕೊಡಲಿ. ಹತ್ತು ವರ್ಷದ ಮಕ್ಕಳ ಗೇಣು ಸುಮಾರು 15–17 ಸೆಂ.ಮೀ. ಇರುವುದರಿಂದ ಏಳು, ಏಳೂವರೆ, ಎಂಟು ಹೀಗೆ ಬರುತ್ತದೆ. ಟೀಚರ್ ಅಳೆದರೆ ಆರು. ಎಲ್ಲವನ್ನೂ ಬೋರ್ಡಿನಲ್ಲಿ ಬರೆದು, "ಯಾರದ್ದು ತಪ್ಪು?" ಎಂದು ಕೇಳಿ. ಸ್ವಲ್ಪ ಹೊತ್ತು ಗಲಾಟೆ ಆಗುತ್ತದೆ, ಆಗಲಿ. ಯಾರದ್ದೂ ತಪ್ಪಲ್ಲ, ಬೆಂಚು ಬದಲಾಗಿಲ್ಲ, ಕೈ ಬೇರೆ ಎಂಬುದನ್ನು ಅವರೇ ಹೇಳುತ್ತಾರೆ. ಇದು ಹಾಳಾಗುವುದು ಒಂದೇ ಕಡೆ: ಸಂಖ್ಯೆಯ ಪಕ್ಕ ಹೆಸರು ಬರೆದರೆ ತಕ್ಷಣ ಯಾರ ಕೈ ದೊಡ್ಡದು ಎಂಬ ಪಂದ್ಯ ಶುರುವಾಗುತ್ತದೆ. ಹೆಸರು ಬೇಡ. ಇದೇ ಕಾರಣಕ್ಕೆ ಉದ್ದ ಅಳೆಯುವ, ತೂಕ ನೋಡುವ ಚಟುವಟಿಕೆಯನ್ನು ತರಗತಿಯಲ್ಲಿ ಮಾಡಿಸಲೇಬಾರದು, ಗಣಿತದ ಸರಾಸರಿ ಲೆಕ್ಕಕ್ಕೂ ಬೇಡ.

ಚೌತಿಯ ಸಮಯದಲ್ಲಿ ಚಂದ್ರ ನಕ್ಕ ಕತೆ ಹೇಗೂ ಮನೆಯಲ್ಲಿ ಬರುತ್ತದೆ. ಕಡುಬು ತಿಂದ ಗಣಪತಿ ಬಿದ್ದ, ಹೊಟ್ಟೆ ಒಡೆಯಿತು, ಹಾವು ಸುತ್ತಿಕೊಂಡ, ಮೇಲಿನಿಂದ ಚಂದ್ರ ನಕ್ಕ. ಕತೆಯನ್ನು ಅಲ್ಲಿಯೇ ನಿಲ್ಲಿಸಿ ಕೇಳಬಹುದು: ಬಿದ್ದವನನ್ನು ನೋಡಿ ಚಂದ್ರನಿಗೆ ನಗು ಯಾಕೆ ಬಂತು? ಅಲ್ಲಿ ನಕ್ಷತ್ರಗಳೂ ಇದ್ದವಲ್ಲ, ಅವು ಎಂತ ಮಾಡಬಹುದಿತ್ತು? ಎರಡನೇ ಪ್ರಶ್ನೆ ಮುಖ್ಯ, ಯಾಕೆಂದರೆ ಶಾಲೆಯಲ್ಲಿ ನಮ್ಮ ಮಕ್ಕಳು ಹೆಚ್ಚಾಗಿ ಇರುವುದು ನಕ್ಷತ್ರಗಳ ಜಾಗದಲ್ಲಿ, ನೋಡುತ್ತಾ ನಿಂತವರಾಗಿ. "ನಕ್ಕರೆ ಶಾಪ ತಟ್ಟುತ್ತದೆ" ಎಂದು ಹೆದರಿಸಿ ಮುಗಿಸಿದರೆ ಮಾತ್ರ ಇದರಿಂದ ಪ್ರಯೋಜನ ಇಲ್ಲ. ಹೆದರಿದ ಮಗು ಕಾಣದ ಹಾಗೆ ನಗಲಿಕ್ಕೆ ಕಲಿಯುತ್ತದೆ.

ಮನೆಯ ಮಾತಿನ ಲೆಕ್ಕ

ಕಷ್ಟದ ಭಾಗ ಇದು. ಮಕ್ಕಳಿಗೆ ಎಷ್ಟು ಹೇಳಿಕೊಟ್ಟರೂ ಅಡುಗೆಮನೆಯಲ್ಲಿ ಅದಕ್ಕೆ ವಿರುದ್ಧವಾದ ಮಾತು ನಡೆಯುತ್ತಿದ್ದರೆ ಗೆಲ್ಲುವುದು ಅಡುಗೆಮನೆಯೇ. ಒಂದು ವಾರ ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ ಕಟ್ಟಿಡಿ. ಮನೆಯಲ್ಲಿ ಯಾರಾದರೂ ಯಾರದ್ದಾದರೂ ಮೈ ಬಗ್ಗೆ ಮಾತಾಡಿದಾಗಲೆಲ್ಲ ಒಂದು ಗೆರೆ. ತನ್ನ ಬಗ್ಗೆಯೇ ಹೇಳಿಕೊಂಡದ್ದೂ ಲೆಕ್ಕಕ್ಕೆ ಬರಬೇಕು: "ಅಯ್ಯೋ, ಈ ಸೀರೆ ಉಟ್ರೆ ನಾನು ಡ್ರಮ್ ಹಾಗೆ ಕಾಣ್ತೇನೆ." ಹೊಗಳಿಕೆಯೂ ಬರಬೇಕು: "ಎಷ್ಟು ಸಪೂರ ಆಗಿದ್ದೀ, ಈಗ ಚೆಂದ ಕಾಣ್ತೀ." ಹೊಗಳಿಕೆಯೇ ಹೆಚ್ಚು ಆಳಕ್ಕೆ ಹೋಗುತ್ತದೆ ಎನ್ನಬೇಕು. ಸಪೂರ ಆದದ್ದಕ್ಕೆ ಶಹಬ್ಬಾಸ್ ಸಿಗುವ ಮನೆಯಲ್ಲಿ ತೋರ ಮಗುವಿಗೆ ತನ್ನ ಜಾಗ ಎಲ್ಲಿ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ವಾರದ ಕೊನೆಗೆ ಗೆರೆ ಎಣಿಸಿ. ಬೈಯುವುದು, ದಂಡ ಹಾಕುವುದು ಬೇಡ, ಬರೇ ಎಣಿಸಿ. ಹೆಚ್ಚಿನ ಮನೆಗಳಲ್ಲಿ ಅಷ್ಟಕ್ಕೇ ಮಾತು ಅರ್ಧ ಇಳಿಯುತ್ತದೆ. ಆಮೇಲೆ ಆ ಜಾಗಕ್ಕೆ ಬೇರೆ ಮಾತು ಬೇಕಾಗುತ್ತದೆ, ಇಲ್ಲದಿದ್ದರೆ ಹಳೆಯದೇ ವಾಪಸು. ಊರಿಂದ ಬಂದ ತಂಗಿ ಮಗಳನ್ನು ಕಂಡಾಗ "ತೋರ ಆದಿ, ಸಪೂರ ಆದಿ" ಬಿಟ್ಟು "ಬಾ ಮಗಾ, ನಿನ್ನ ಭರತನಾಟ್ಯ ಎಲ್ಲಿಗೆ ಬಂತು?" ಎನ್ನುವುದು ಅಭ್ಯಾಸದ ಪ್ರಶ್ನೆ, ಅಷ್ಟೇ.

ಊಟದ ತಟ್ಟೆಯ ಮುಂದೆ ಒಂದೇ ಕಾನೂನು ಇರಲಿ. ಅಣ್ಣ ತೋರ ಎಂದು ಅವನಿಗೆ ಒಂದು ಬನ್ಸ್, ತಮ್ಮ ಸಪೂರ ಎಂದು ಅವನಿಗೆ ಮೂರು: ಇದರಿಂದ ಅಣ್ಣ ಕದ್ದು ತಿನ್ನಲಿಕ್ಕೆ ಕಲಿಯುತ್ತಾನೆ, ತಮ್ಮ ಅಣ್ಣನನ್ನು ಅಣಕಿಸಲಿಕ್ಕೆ. ಏನು ಮಾಡಬೇಕು, ಎಷ್ಟು ಹೊತ್ತಿಗೆ ಬಡಿಸಬೇಕು ಎಂಬುದು ದೊಡ್ಡವರ ತೀರ್ಮಾನ. ಇಟ್ಟದ್ದರಲ್ಲಿ ಎಷ್ಟು ತಿನ್ನಬೇಕು ಎಂಬುದನ್ನು ಮಗುವಿನ ಹಸಿವು ಹೇಳಲಿ. ಗೋಳಿಬಜೆ ಮಾಡಿದ ದಿನ ಇಬ್ಬರಿಗೂ ಗೋಳಿಬಜೆ, ಗಂಜಿ ಮತ್ತು ಪಲ್ಯದ ದಿನ ಇಬ್ಬರಿಗೂ ಗಂಜಿ. ಮಗುವಿನ ತೂಕದ ಬಗ್ಗೆ ನಿಜವಾಗಿಯೂ ಚಿಂತೆ ಇದ್ದರೆ ಮಕ್ಕಳ ಡಾಕ್ಟರಲ್ಲಿ ಮಾತಾಡಿ, ಮಗುವನ್ನು ಹೊರಗೆ ಕೂರಿಸಿ. ಐದರಿಂದ 18 ವರ್ಷದವರಿಗೆ ಭಾರತೀಯ ಮಕ್ಕಳ ತಜ್ಞರ ಸಂಘದ 2015ರ ಬೆಳವಣಿಗೆ ಚಾರ್ಟ್ ಇದೆ. ಅದರಲ್ಲಿ ಒಂದು ದಿನದ ಚುಕ್ಕೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ವರ್ಷ ಎರಡು ವರ್ಷದ ಗೆರೆ ಹೇಗೆ ಹೋಗುತ್ತಿದೆ ಎಂಬುದನ್ನು ನೋಡಬೇಕು. ಬೆಳೆಯುವ ಮಗುವಿಗೆ ಯೂಟ್ಯೂಬ್ ನೋಡಿ ಡಯಟ್ ಮಾಡಿಸುವುದು ಮಾತ್ರ ಬೇಡವೇ ಬೇಡ.

"ನಾವು ಆರೋಗ್ಯಕ್ಕೋಸ್ಕರ ಹೇಳುವುದು" ಎಂಬ ಸಮರ್ಥನೆ ಬರುತ್ತದೆ. ಪರೀಕ್ಷೆ ಸುಲಭ: ಅದೇ ಮಾತನ್ನು ಮನೆಯ ಸಪೂರ ಮಗುವಿಗೂ ಹೇಳುತ್ತೀರಾ? ಹೇಳುವುದಿಲ್ಲ ಎಂದಾದರೆ ಅದು ಆರೋಗ್ಯದ ಮಾತಲ್ಲ.

ಮದುವೆ ಹಾಲಿನಲ್ಲಿ

ಕರಾವಳಿಯ ಕಾರ್ಯಕ್ರಮಗಳಲ್ಲಿ ಕುಶಲ ವಿಚಾರಿಸುವುದೇ ಮೈ ನೋಡಿ. "ಎಂತ ಮಾರಾಯ್ತಿ, ಮಗನಿಗೆ ತಿನ್ಲಿಕ್ಕೆ ಎಂತದೂ ಕೊಡುವುದಿಲ್ವಾ? ಗಾಳಿ ಬಂದ್ರೆ ಹಾರಿ ಹೋಗ್ತಾನೆ." ತೋರ ಮಗುವಿಗೆ ಇದರ ಇನ್ನೊಂದು ಮುಖ. ಕೆಟ್ಟ ಮನಸ್ಸಿನಿಂದ ಹೇಳುವವರು ಕಡಿಮೆ. ಅದಕ್ಕೇ ಎದುರುತ್ತರ ಕೊಡುವುದು ಕಷ್ಟ. ಹಿರಿಯರ ಮರ್ಯಾದೆ ಉಳಿಸಿ ಮಾತು ತಿರುಗಿಸುವ ಒಂದು ವಾಕ್ಯ ಮೊದಲೇ ತಯಾರಿಟ್ಟುಕೊಳ್ಳಿ: "ಅವನು ಸರಿಯಾಗಿ ಬೆಳೀತಿದ್ದಾನೆ ದೊಡ್ಡಮ್ಮ. ಅವನು ಚೆಂಡೆ ಕಲೀತಿದ್ದಾನೆ, ಕೇಳಿ ನೋಡಿ." ಸ್ವರ ಏರಬಾರದು, ಮಗುವಿನ ಹೆಗಲ ಮೇಲೆ ಕೈ ಇರಬೇಕು. ನೀವು ಆ ಹೊತ್ತಿಗೆ ಹಲ್ಲು ಕಿರಿದು ಸುಮ್ಮನಿದ್ದರೆ ಮಗು ಅದನ್ನು ಒಪ್ಪಿಗೆ ಎಂದು ತಿಳಿಯುತ್ತದೆ.

ಪ್ರತಿ ಸಲ ಹೀಗೆ ಹೇಳುವವರು ಯಾರೆಂದು ಮನೆಯವರಿಗೆಲ್ಲ ಗೊತ್ತಿರುತ್ತದೆ. ಅಂಥವರಿಗೆ ಕಾರ್ಯಕ್ರಮದ ಎರಡು ದಿನ ಮೊದಲು ಫೋನು ಮಾಡಿ, "ಅತ್ತೆ, ಒಂದು ಉಪಕಾರ ಆಗ್ಬೇಕು. ಮಗಳು ಈಗ ಮೈ ಬಗ್ಗೆ ಎಂತ ಹೇಳಿದ್ರೂ ಊಟ ಬಿಡ್ತಾಳೆ, ನೀವು ಅವಳ ಹತ್ರ ಬೇರೆ ಎಂತಾದ್ರೂ ಮಾತಾಡಿ" ಎಂದರೆ ಹತ್ತರಲ್ಲಿ ಎಂಟು ಜನ ಒಪ್ಪುತ್ತಾರೆ. ಹಾಲಿನಲ್ಲಿ ಎಲ್ಲರ ಎದುರು ತಿದ್ದಲಿಕ್ಕೆ ಹೋದರೆ ಜಗಳ, ಮತ್ತು ಆ ಜಗಳದ ನಡುವೆ ಮತ್ತೆ ಮಗುವಿನ ಮೈ.

ಶಾಲೆ, ಆಟ, ವೇಷ

ಟೀಚರುಗಳ ಕೈಯಲ್ಲಿ ಇರುವ ಕೆಲವು ಬದಲಾವಣೆಗಳಿಗೆ ಒಂದು ರೂಪಾಯಿ ಖರ್ಚಿಲ್ಲ. ಆರೋಗ್ಯ ತಪಾಸಣೆಯ ತಂಡ ಬಂದಾಗ ತೂಕದ ಯಂತ್ರವನ್ನು ಕೋಣೆಯ ಮೂಲೆಯಲ್ಲಿ, ಸಾಲಿಗೆ ಬೆನ್ನು ಹಾಕುವಂತೆ ಇಡಿ. ಒಬ್ಬ ಮಗು ಒಳಗೆ, ಉಳಿದವರು ಬಾಗಿಲ ಹೊರಗೆ. ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ ಬರೆಸುವ ಕ್ರಮ ಬಿಡಬೇಕು, ಬರೆಯುವವರೇ ನೋಡಿ ಬರೆಯಲಿ. ಆ ದಿನ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಹುಟ್ಟುವ ಅಡ್ಡಹೆಸರುಗಳು ಹತ್ತನೇ ಕ್ಲಾಸಿನವರೆಗೂ ಹೋಗುತ್ತವೆ.

ಆಟದ ಪಿರಿಯಡ್ಡಿನಲ್ಲಿ ಇಬ್ಬರು ಕ್ಯಾಪ್ಟನ್ನುಗಳು ಒಬ್ಬೊಬ್ಬರನ್ನಾಗಿ ಕರೆಯುವ ಪದ್ಧತಿಗಿಂತ ಕ್ರೂರವಾದದ್ದು ಶಾಲೆಯಲ್ಲಿ ಇನ್ನೊಂದಿಲ್ಲ. ಕೊನೆಗೆ ಉಳಿಯುವ ಮಗು ಪ್ರತಿವಾರವೂ ಅದೇ. ಒಂದು, ಎರಡು, ಒಂದು, ಎರಡು ಎಂದು ಎಣಿಸಿ ಟೀಮು ಮಾಡಿದರೆ ಮುಗಿಯಿತು. ಕೆಸರುಗದ್ದೆಯಲ್ಲಿ ಆಡುವ 'ಕೆಸರ್ಡ್ ಒಂಜಿ ದಿನ'ದ ಹಗ್ಗಜಗ್ಗಾಟದಲ್ಲಿ ತೋರ ಮಗುವನ್ನು ಹಗ್ಗದ ತುದಿಗೆ ನಿಲ್ಲಿಸುವುದು ಆಟದ ತಂತ್ರ, ಮಗುವಿಗೂ ಖುಷಿ ಇರಬಹುದು. ಆದರೆ ವರ್ಷವಿಡೀ ಅವನ ಹೆಸರು ನೆನಪಾಗುವುದು ಹಗ್ಗಕ್ಕೆ ಮಾತ್ರ ಎಂದಾದರೆ ಅದು ತಂತ್ರ ಅಲ್ಲ. ಕೆಸರಿನ ಓಟಕ್ಕೂ ಅವನ ಹೆಸರು ಬರೆಯಿರಿ. ಕೆಸರಿನಲ್ಲಿ ಬೀಳದವರು ಯಾರೂ ಇಲ್ಲ.

ಯಕ್ಷಗಾನ ಕಲಿಸುವ ಶಾಲೆಗಳಲ್ಲೂ ಇದೇ ತಕರಾರು. ತೋರ ಹುಡುಗ ಎಂದರೆ ರಾಕ್ಷಸನ ಬಣ್ಣದ ವೇಷ, ಗಿಡ್ಡ ಹುಡುಗ ಎಂದರೆ ಹಾಸ್ಯ, ಮೊದಲ ದಿನವೇ ತೀರ್ಮಾನ. ಹೆಜ್ಜೆ, ತಾಳ, ಸ್ವರ ನೋಡಿ ಪಾತ್ರ ಕೊಡಿ. ಸಪೂರ ಹುಡುಗನಿಗೆ ಬಟ್ಟೆ ಸುತ್ತಿ ಮೈ ತುಂಬಿಸಿ ರಾಕ್ಷಸ ಮಾಡಬಹುದು. ಹೆಜ್ಜೆ ಚುರುಕಾಗಿದ್ದರೆ ತೋರ ಹುಡುಗಿ ಅಭಿಮನ್ಯು ಆಗಲಿಕ್ಕೆ ಅಡ್ಡಿ ಎಂತದೂ ಇಲ್ಲ. (ಹಾಸ್ಯ ಎಷ್ಟು ಕಷ್ಟದ ಪಾತ್ರ ಎಂದು ಗೊತ್ತಿದ್ದವರು ಅದನ್ನು ಗಾತ್ರ ನೋಡಿ ಕೊಡುವುದೂ ಇಲ್ಲ.)

ಟೀಚರೇ ಅಡ್ಡಹೆಸರು ಇಡುವುದು, ಬೆಂಚಿನಲ್ಲಿ "ನೀನು ಇಬ್ಬರ ಜಾಗ ಹಿಡೀತಿ" ಎನ್ನುವುದು ಉಂಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದರ ಜತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದನ್ನು ಹೆತ್ತವರೂ ತಿಳಿದಿರಬೇಕು.

ನಿಮ್ಮ ಮಗುವೇ ತಮಾಷೆ ಮಾಡಿದ್ದಾದರೆ

ದೂರು ಬಂದ ಕೂಡಲೇ "ನನ್ನ ಮಗ ಹಾಗೆ ಹೇಳುವವನಲ್ಲ" ಎನ್ನುವುದೂ ಬೇಡ, ಶಾಲೆಯ ಗೇಟಿನಲ್ಲೇ ಕೆನ್ನೆಗೆ ಬಾರಿಸುವುದೂ ಬೇಡ. ಮನೆಗೆ ಬಂದು, ತಿಂಡಿ ತಿಂದ ಮೇಲೆ, ಹೇಳಿದ ಶಬ್ದ ಯಾವುದು ಎಂದು ಅವನ ಬಾಯಿಂದಲೇ ಹೇಳಿಸಿ. "ಸುಮ್ನೆ ಜೋಕ್ ಮಾಡಿದ್ದು" ಎಂಬುದು ಉತ್ತರ ಅಲ್ಲ. "ಡುಮ್ಮಿ ಅಂತ ಕರೆದೆ, ಮೂರು ಜನ ನಕ್ಕರು" ಎಂಬಷ್ಟು ಸ್ಪಷ್ಟ ಬರುವವರೆಗೆ ತಾಳ್ಮೆಯಿಂದ ಕೇಳಿ. ಜೋಕಿಗೆ ಅವಳೂ ನಕ್ಕಳಾ ಎಂದು ಕೇಳಿ. ನಕ್ಕಳು ಎಂದರೆ, ಅಳುವುದಕ್ಕಿಂತ ನಗುವುದು ಸುಲಭ ಎಂದು ನಗುವವರೂ ಇದ್ದಾರೆ ಎಂಬುದನ್ನು ಹೇಳಿ.

ಸರಿಪಡಿಸುವುದು ಖಾಸಗಿಯಾಗಿ ಆಗಬೇಕು. ಕ್ಲಾಸಿನ ಎದುರು ನಿಲ್ಲಿಸಿ ಸಾರಿ ಹೇಳಿಸಿದರೆ ಆ ಅಡ್ಡಹೆಸರು ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ. ಒಂದು ಸಣ್ಣ ಮಾತು, "ನಾನು ಹಾಗೆ ಕರೆದದ್ದು ತಪ್ಪು, ಇನ್ನು ಕರೆಯುವುದಿಲ್ಲ", ಮತ್ತು ಒಂದು ಕೆಲಸ: ಬೇರೆಯವರು ಆ ಹೆಸರು ಹೇಳಿದಾಗ ಅವನು ಅವಳ ನಿಜವಾದ ಹೆಸರು ಹಿಡಿದು ಮಾತಾಡಬೇಕು. ಅಡ್ಡಹೆಸರು ಹುಟ್ಟಿಸಿದವನೇ ಬಿಟ್ಟರೆ ಅದು ಬೇಗ ಸಾಯುತ್ತದೆ. ವಾರ ಕಳೆದು ಹೇಗಾಯಿತು ಎಂದು ಕೇಳಲಿಕ್ಕೆ ಮರೆಯಬೇಡಿ; ಆ ಎರಡನೇ ವಿಚಾರಣೆ ಇಲ್ಲದಿದ್ದರೆ ಮೊದಲನೆಯದು ಬರೇ ಬೈಗುಳ.

ಮೊಬೈಲಿನ ರೀಲ್ಸಿನಲ್ಲಿ ತೋರ ಇದ್ದವರು ಕುರ್ಚಿ ಮುರಿದು ಬಿದ್ದದ್ದನ್ನು ನೋಡಿ ಮಗು ನಗುತ್ತಿದ್ದರೆ ಒಂದೇ ಪ್ರಶ್ನೆ ಸಾಕು: "ಸಪೂರ ಇದ್ದವರು ಬಿದ್ದಿದ್ರೂ ಇಷ್ಟೇ ನಗು ಬರ್ತಿತ್ತಾ?" ಉತ್ತರಕ್ಕೆ ಕಾಯಬೇಡಿ, ಭಾಷಣ ಸೇರಿಸಬೇಡಿ.

ನಿಮ್ಮ ಮಗುವಿಗೆ ನೋವಾಗಿದ್ದರೆ

"ನೀನು ತೋರ ಇಲ್ಲ ಮಗಾ, ಚೆಂದ ಇದ್ದೀ" ಎಂಬ ಸಮಾಧಾನ ಪ್ರೀತಿಯಿಂದ ಬಂದದ್ದೇ. ಆದರೆ ಮಗುವಿಗೆ ಕನ್ನಡಿ ಉಂಟು. ಆ ಮಾತಿನಿಂದ ಅದು ತಿಳಿಯುವುದು ತೋರ ಇದ್ದರೆ ಚೆಂದ ಇಲ್ಲ ಎಂದು, ಮತ್ತು ಅಮ್ಮನೂ ಸುಳ್ಳು ಹೇಳುತ್ತಾಳೆ ಎಂದು. "ನಿನ್ನ ಮೈ ಹೇಗಿದೆಯೋ ಹಾಗೆ ಸರಿ ಉಂಟು. ಅವನು ಹಾಗೆ ಹೇಳಿದ್ದು ತಪ್ಪು. ನಾವು ಟೀಚರ್ ಹತ್ರ ಮಾತಾಡುವ" ಎನ್ನಿ. "ಸ್ವಲ್ಪ ಕಡಿಮೆ ತಿಂದ್ರೆ ಯಾರೂ ಹೇಳುವುದಿಲ್ಲ" ಎಂದು ಮಾತ್ರ ಹೇಳಬೇಡಿ. ಹಾಗೆಂದರೆ ತಪ್ಪು ಮಾಡಿದವನನ್ನು ಬಿಟ್ಟು ನೊಂದವನಿಗೆ ಕೆಲಸ ಕೊಟ್ಟಂತೆ.

ಉತ್ತರ ಕೊಡುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಸಿ. ಚಿಕ್ಕದಿರಲಿ: "ನನಗೆ ಹೆಸರುಂಟು, ಅದನ್ನು ಕರಿ." ಹೇಳಿ ಅಲ್ಲಿಂದ ನಡೆದುಬಿಡಬೇಕು. ಕನ್ನಡಿ ಎದುರು ನಾಲ್ಕೈದು ಸಲ ಹೇಳಿದರೆ ಸ್ವರ ನಡುಗುವುದು ನಿಲ್ಲುತ್ತದೆ. ತಿರುಗಿ ಬೈಯುವ ಹೆಸರು ಕಲಿಸಬೇಡಿ. ಕಡ್ಡಿ, ಒಣಕಲು ಎಂದರೆ ಅದೂ ಇನ್ನೊಬ್ಬರ ಮೈಯೇ.

ಶಾಲೆಗೆ ದೂರು ಬರವಣಿಗೆಯಲ್ಲಿ ಹೋಗಲಿ: ತಾರೀಕು, ಜಾಗ, ಹೇಳಿದ ಶಬ್ದ, ಅಲ್ಲಿದ್ದವರು, ನೀವು ಕೇಳುವ ಒಂದೇ ಒಂದು ಬದಲಾವಣೆ. ಶಾಲಾ ವ್ಯಾನಿನಲ್ಲಿ ನಡೆಯುವುದಾದರೆ ಸೀಟು ಬದಲಿಸಲಿ. ಆಟದ ಪಿರಿಯಡ್ಡಿನಲ್ಲಾದರೆ ಟೀಮು ಮಾಡುವ ಕ್ರಮ ಬದಲಾಗಲಿ. "ಎಲ್ಲರಿಗೂ ಬುದ್ಧಿ ಹೇಳಿ" ಎಂದು ಬರೆದರೆ ಅಸೆಂಬ್ಲಿಯಲ್ಲಿ ಒಂದು ಭಾಷಣ ಆಗುತ್ತದೆ, ಅಷ್ಟರಲ್ಲಿ ಎಲ್ಲರೂ ನಿಮ್ಮ ಮಗುವನ್ನು ತಿರುಗಿ ನೋಡುತ್ತಾರೆ. ಹತ್ತು ದಿನದೊಳಗೆ ಏನೂ ಆಗದಿದ್ದರೆ ಅದೇ ಪತ್ರದ ಪ್ರತಿಯೊಂದಿಗೆ ಮುಖ್ಯೋಪಾಧ್ಯಾಯರನ್ನು ಕಾಣಿ.

ಟಿಫಿನ್ ಹಾಗೆಯೇ ವಾಪಸು ಬರುವುದು, ಆಟದ ದಿನವೇ ಹೊಟ್ಟೆನೋವು, ಬೀಚಿಗೆ ಹೋದರೂ ನೀರಿಗೆ ಇಳಿಯದಿರುವುದು, ಸೆಕೆಯಲ್ಲೂ ಜಾಕೆಟ್, ಯಾರೂ ಇಲ್ಲದಾಗ ಕದ್ದು ತಿನ್ನುವುದು: ಇವು ಎರಡು ವಾರಕ್ಕಿಂತ ಹೆಚ್ಚು ಮುಂದುವರಿದರೆ ಮಕ್ಕಳ ಡಾಕ್ಟರಿಗೆ ಅಥವಾ ಆಪ್ತಸಮಾಲೋಚಕರಿಗೆ ತೋರಿಸಿ. ಊಟ ಬಿಟ್ಟು ತೂಕ ಇಳಿಯುತ್ತಿದ್ದರೆ, ತಿಂದದ್ದನ್ನು ವಾಂತಿ ಮಾಡಿಕೊಳ್ಳುತ್ತಿದ್ದರೆ, "ನಾನು ಇರುವುದೇ ಬೇಡ" ಎಂಬಂಥ ಮಾತು ಬಂದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ, ಅದೇ ದಿನ ಹೋಗಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಫೋನು ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರುಗಳನ್ನು ಮಗುವಿಗೂ ಗೊತ್ತಿರುವ ಹಾಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.